ಉಬ್ಬೆ ಎಂದರೆ ಸೆಕೆಯಲ್ಲ

ಎಕ್ಕಂಬಿಯ ನನ್ನ ತವರಿನಲ್ಲಿ ಉಬ್ಬೆ ಎಂದರೆ ಮಳೆಗೆ ಮುಂಚಿನ ಧಗೆ. ಗಾಳಿ ನಿಂತು ಮೈ ಅಂಟಂಟಾದಾಗ ಅವ್ವ, "ಏನ್ ಉಬ್ಬೆನವ್ವ ಇದು" ಎಂದು ಸೆರಗು ಬೀಸಿಕೊಳ್ಳುತ್ತಿದ್ದಳು. ಮದುವೆಯಾಗಿ ಯಲ್ಲಾಪುರದ ಲಾಂಡ್ರಿ ಮನೆಗೆ ಬಂದ ವಾರದಲ್ಲೇ ಅತ್ತೆ, "ಲಾಡ್ಜಿನ ಚಾದರ ಉಬ್ಬೆಗೆ ಹಾಕು" ಎಂದಳು. ಹಾಗಂದರೆ ಎಂತ ಎಂದು ಗಂಡನನ್ನು ಕೇಳಿದೆ. ಅವನು ನಕ್ಕ. ಅತ್ತೆಯೇ ಹಿತ್ತಲಿಗೆ ಕರೆದೊಯ್ದು ತೋರಿಸಿದಳು. ಕುದಿಯುವ ನೀರಿನ ಹಂಡೆ, ಬಾಯಿಗೆ ಬಿದಿರಿನ ತಟ್ಟಿ, ಅದರ ಮೇಲೆ ಸೋಡಾ ನೀರಲ್ಲಿ ಅದ್ದಿದ ಬಟ್ಟೆ, ಎಲ್ಲದರ ಮೇಲೆ ಗೋಣಿ.

"ಆವಿ ಕುಡ್ದು ಬಟ್ಟೆ ಉಬ್ತದೆ, ಅದ್ಕೇ ಉಬ್ಬೆ. ಹೊರಗೆ ಹೋಗ್ಲಿಕ್ಕೆ ದಾರಿ ಇಲ್ದಾಗ್ಲೇ ಆವಿ ಕೊಳೆ ಬಿಡಿಸೋದು. ನನ್ನ ಉಬ್ಬಸನೂ ಇದ್ರ ತಂಗಿನೇ."

ಗಂಡನ ಕೈ ಮೊದಲಿನಿಂದಲೂ ಮುಂದು. ಇಸ್ತ್ರಿ ಪೆಟ್ಟಿಗೆಯ ವಾಯರಿನಿಂದ ಬೆನ್ನಿಗೆ ಬಾರಿಸಿದ್ದ. ಒಮ್ಮೆ ಬಾಗಿಲ ಸಂದಿಗೆ ನನ್ನ ಬೆರಳಿಟ್ಟು ಒತ್ತಿದ್ದ. ಮೂರನೇ ಬೇಸಿಗೆಯಲ್ಲಿ ಗಿರಾಕಿಯೊಬ್ಬರ ಬಿಳಿ ಅಂಗಿ ನನ್ನ ಕೈಯಲ್ಲಿ ಸುಟ್ಟಿತು. ಜುಟ್ಟು ಹಿಡಿದು ಹಿತ್ತಲಿಗೆ ಎಳೆದ. ತಟ್ಟಿಯನ್ನು ಒದ್ದು ಬೀಳಿಸಿ, ನನ್ನ ಮುಖವನ್ನು ಹಂಡೆಯ ಬಾಯಿಗೆ ಒತ್ತಿ, ತಲೆಯ ಮೇಲೆ ಗೋಣಿ ಎಳೆದ.

"ಉಬ್ಬೆ ಅಂದ್ರೆ ಎಂತ ಅಂತ ಕೇಳಿದ್ಯಲ್ಲ? ತಿಳ್ಕೊ."

ಬಾಯಿ ತೆರೆದರೆ ಗಾಳಿಯ ಬದಲು ಬೆಂಕಿಯಂಥ ಆವಿ ಒಳಗಿಳಿಯಿತು. ಕೂಗಲೂ ಉಸಿರು ಬೇಕು, ಅದಿರಲಿಲ್ಲ. ಕಾಲು ಒದ್ದಾಡುತ್ತಿದ್ದದ್ದಷ್ಟೇ ನೆನಪು. ಆಮೇಲೆ ಒಣ ಕೊಂಬೆ ಮುರಿದಂಥ ಸದ್ದು. ಅತ್ತೆ ಬಟ್ಟೆ ಬಡಿಯುವ ಕೊಡತಿಯಿಂದ ಅವನ ಮೊಣಕೈಗೆ ಬಾರಿಸಿದ್ದಳು. ಅವನು ತಿರುಗಿದ, ಅದೇ ಜಾಗಕ್ಕೆ ಇನ್ನೊಂದು ಬಿತ್ತು. ಗೋಣಿ ಜಾರಿತು. ನಾನು ಎದ್ದವಳೇ ಅವಳ ಕೈಯಿಂದ ಕೊಡತಿ ಕಿತ್ತು ಅವನ ಮೊಣಕಾಲಿಗೆ ಹೊಡೆದೆ. ಅವನು ಬಿದ್ದ ಮೇಲೂ ಹೊಡೆದೆ. ಖುಷಿಯಾಯಿತು ಎಂದು ಹೇಳಲು ಈಗಲೂ ನಾಚಿಕೆಯಿಲ್ಲ. ಅತ್ತೆ ನನ್ನ ಸೊಂಟ ತಬ್ಬಿ ಹಿಂದಕ್ಕೆಳೆದಳು.

ಆಸ್ಪತ್ರೆಗೆ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಿನವನು ಹಾವೇರಿ ಕಡೆಯವನು. ಊದಿದ ತುಟಿಯಲ್ಲಿ ನನಗೆ ಹೊರಟದ್ದು ಒಂದೇ ಮಾತು, "ಉಬ್ಬೆ."

"ಸೆಕಿಗೆ ಉಸಿರುಗಟ್ಟಿತು ಅಂತ ಬರೀಲೇನ್ರಿ?"

ನಾನು ಅಲ್ಲವೆಂದು ತಲೆಯಾಡಿಸಿದ್ದು ಅವನಿಗೆ ತಿಳಿಯಲಿಲ್ಲ. ಅತ್ತೆ ಮುಂದೆ ಬಂದು ಹಂಡೆ, ತಟ್ಟಿ, ಗೋಣಿ ಎಲ್ಲವನ್ನೂ ಕೈಯಲ್ಲಿ ಮಾಡಿ ತೋರಿಸಿದಳು. "ಸೆಕೆ ತಾನಾಗೇ ಆಗ್ತದೆ. ಉಬ್ಬೆಗೆ ಯಾರಾದ್ರೂ ಹಾಕ್ಬೇಕು. ಇವ್ಳನ್ನ ಹಾಕಿದ್ದು ನನ್ನ ಮಗ. ಹೆಸ್ರು ಹೇಳ್ತೆ, ಬರ್ಕೊ."

ಅವನು ಬರೆದುಕೊಂಡ.

ಜಾಮೀನಿನ ಮೇಲೆ ಹೊರಬಂದವನು ಈಗ ಸಿದ್ದಾಪುರದಲ್ಲಿ ಅಕ್ಕನ ಮನೆಯಲ್ಲಿದ್ದಾನೆ. ಕೇಸು ನಡೆಯುತ್ತಲೇ ಇದೆ. ಅತ್ತೆ ಮತ್ತು ನಾನು ಲಾಂಡ್ರಿ ನಡೆಸುತ್ತೇವೆ. ಹಬ್ಬಕ್ಕೆ ಅವಳು ಡಬ್ಬಿಯಲ್ಲಿ ಹೋಳಿಗೆ ಕಟ್ಟಿಕೊಂಡು ಸಿದ್ದಾಪುರದ ಬಸ್ಸು ಹತ್ತುತ್ತಾಳೆ. ನಾನು ತಡೆಯುವುದಿಲ್ಲ. ಹೋದ ಸಲ ಬಂದು, "ಅವ್ನ ಮೊಣಕೈ ನೆಟ್ಟಗಾಗ್ಲಿಲ್ಲ" ಎಂದಳು. ಕೇಳಿಸಿಕೊಂಡೆ. ಚಾದರದ ಇನ್ನೊಂದು ತುದಿ ಹಿಡಿ ಎಂದೆ, ಹಿಡಿದಳು.