‘ಎಲ್ಲಾ ಇರುವ’ ಕಂಪ್ಯೂಟರ್

‘ಈ ರೆಡಿ ಸೆಟ್‌ನಲ್ಲಿ ಎಲ್ಲಾ ಇದೆ ಮ್ಯಾಡಮ್’ ಎಂದು ಪುಣೆಯ ಕಂಪ್ಯೂಟರ್ ಅಂಗಡಿಯವರು ಇವತ್ತು ಮತ್ತೆ ಮತ್ತೆ ಹೇಳಿದರು, ಗೆಳೆಯರೇ. ನಾನು ಅದರಲ್ಲೇ ಒಂದು ಕನ್ನಡ ಪುಟ ತೆರೆದೆ. ಅಕ್ಷರಗಳ ಜಾಗದಲ್ಲಿ ಬರೀ ಖಾಲಿ ಚೌಕಗಳು.

‘ಕನ್ನಡ ಕಾಣೂತನಕ ರೊಕ್ಕ ತಗೀಬ್ಯಾಡ್ರಿ’ ಎಂದೆ ನಮ್ಮ ಯಜಮಾನರಿಗೆ.

‘ಸೋವಿ ಅದ, ಮನ್ಯಾಗ ನೋಡೋಣು ನಡಿ’ ಎಂದರು ಅವರು. ನಾನು ಕುರ್ಚಿ ಬಿಡಲಿಲ್ಲ.

‘ಇಲ್ಲಿ ಕನ್ನಡ ಯಾರು ಓದುತ್ತಾರೆ?’ ಎಂದು ಅಂಗಡಿಯವರು ಮರಾಠಿಯಲ್ಲಿ ಕೇಳಿ ನಕ್ಕರು.

‘ಹಾಗಾದರೆ ನಿಮ್ಮ ಮರಾಠಿ ಪುಟ ತೆರೆಯಿರಿ’ ಎಂದೆ ನಾನೂ ಮರಾಠಿಯಲ್ಲೇ.

ತೆರೆದರು. ಅಲ್ಲೂ ಚೌಕಗಳೇ. ನಗು ನಿಂತಿತು, ಎಲ್ಲಿಂದಲೋ ಒಂದು ಸಿ.ಡಿ. ಬಂತು. ಅದರಿಂದ ನಮ್ಮ ಭಾಷೆಗಳ ಅಕ್ಷರ ಹಾಕಿದರು, ಸ್ವಲ್ಪ ಹೊತ್ತಿಗೆ ಎರಡೂ ಭಾಷೆ ಕಂಡವು.

ಆ ಸೆಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಬರೀ ಚೌಕಗಳು ಕಂಡರೆ, ನಿಮ್ಮದರಲ್ಲೂ ‘ಎಲ್ಲಾ ಇದೆ’ ಎಂದುಕೊಳ್ಳಿ.