ಬಾಗಿಲಿಗೆ ಬಂದು ಕರೆಯುತ್ತಿದ್ದ ಅಕ್ಕ

ಅಕ್ಕನ ಕಾಲಲ್ಲಿ ಯಾವಾಗಲೂ ಗಂಡುಮಕ್ಕಳು ಹಾಕುವಂಥ ಬಿಳಿ ಕ್ಯಾನ್ವಾಸ್ ಶೂ. ಕಾಟನ್ ಸೀರೆ ಉಟ್ಟರೂ ಅದೇ, ಮದುವೆ ಮನೆಗೆ ರೇಷ್ಮೆ ಉಟ್ಟು ಹೊರಟರೂ ಅದೇ. ನೆರಿಗೆಯನ್ನು ಒಂದು ಗೇಣು ಮೇಲಕ್ಕೆ ಸಿಕ್ಕಿಸಿ, ಲೇಸಿಗೆ ಎರಡೆರಡು ಗಂಟು ಬಿಗಿದು, ದಾವಣಗೆರೆ ಬಸ್‌ಸ್ಟ್ಯಾಂಡಿನ ಜಂಗುಳಿಯನ್ನು ಸೀಳಿಕೊಂಡು ಬರುತ್ತಿದ್ದಳೆಂದರೆ ಹೊರೆ ಹೊತ್ತವರೂ ಪಕ್ಕಕ್ಕೆ ಸರಿಯುತ್ತಿದ್ದರು. "ಏನಕ್ಕ, ಓಟದ ಪಂದ್ಯ ಐತಾ?" ಎಂದು ನಾನು ಕಾಲೆಳೆದರೆ, "ನಿನ್ನಂಗೆ ಚಪ್ಪಲಿ ಎಳ್ಕೊಂಡು ನಡೆದ್ರೆ ಈ ಜನ್ಮಕ್ಕೆ ಜಗಳೂರು ಮುಟ್ಟಲ್ಲ, ನಡಿ ನಡಿ" ಎನ್ನುತ್ತಿದ್ದಳು.

ಚನ್ನಗಿರಿಯ ಕಾಲೇಜಿನಲ್ಲಿ ಬಿ.ಎ. ಓದುವಾಗ ಅವಳು ನಮ್ಮೆಲ್ಲರಿಗಿಂತ ಆರೇಳು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿಗೇ ಮದುವೆಯಾಗಿ, ಅಷ್ಟೇ ಬೇಗ ಗಂಡನನ್ನು ಕಳೆದುಕೊಂಡು, ಕೆಲವು ವರ್ಷ ಅತ್ತೆಮನೆಯಲ್ಲಿದ್ದು, ಆಮೇಲೆ ತವರಿಗೆ ಬಂದು ಹಟ ಹಿಡಿದು ಓದಲು ಕುಳಿತವಳು. ಮೊದಲ ದಿನ ಅವಳು ಕ್ಲಾಸಿಗೆ ಕಾಲಿಟ್ಟಾಗ ಹೊಸ ಲೆಕ್ಚರರ್ ಇರಬೇಕೆಂದು ನಾವೆಲ್ಲ ಎದ್ದು ನಿಂತೆವು. ಅವಳು ಸ್ವಲ್ಪವೂ ಗಲಿಬಿಲಿಗೊಳ್ಳದೆ "ಕೂತ್ಕೊಳ್ರಿ, ಕೂತ್ಕೊಳ್ರಿ" ಎಂದು ಕೈಯಾಡಿಸಿ, ನೇರ ಬಂದು ನನ್ನ ಪಕ್ಕ ಕುಳಿತಳು. ಅವತ್ತಿನಿಂದ ಅವಳು ಇಡೀ ಕ್ಲಾಸಿಗೆ ಅಕ್ಕ. ಮುಂದೆ ಹೊನ್ನಾಳಿಯಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಆದಳು. ಕೆಲಸವೇ ಅವಳನ್ನು ಹುಡುಕಿಕೊಂಡು ಬಂದಂತಿತ್ತು. ರಿಟೈರ್ ಆದ ಮೇಲೆ ಗದರಿಸಲು ಹುಡುಗಿಯರಿಲ್ಲದೆ ಬೇಜಾರಾಗಿ ನಮ್ಮ ಮೇಲೆ ಬಿದ್ದಳು.

ಹಳೆಯ ಸಹಪಾಠಿಗಳೆಲ್ಲ ವರ್ಷಕ್ಕೊಮ್ಮೆ ಸೇರಬೇಕೆಂದು ಶುರು ಮಾಡಿದ್ದು ಅವಳೇ. ಒಂದು ವರ್ಷ ಚನ್ನಗಿರಿ, ಒಂದು ವರ್ಷ ಹೊನ್ನಾಳಿ, ಆಮೇಲೆ ನ್ಯಾಮತಿ, ಜಗಳೂರು. ನಮ್ಮವರು ಹೆಚ್ಚಾಗಿರುವುದು ಈ ನಾಲ್ಕು ಕಡೆ. ವಾಟ್ಸಾಪ್ ಗ್ರೂಪು ಇತ್ತು, ಬೆಳಗಾದರೆ ಹೂವಿನ ಫೋಟೋ, ಶುಭೋದಯ, ಮದುವೆ ವಾರ್ಷಿಕೋತ್ಸವದ ಹಾರೈಕೆ ಎಲ್ಲವೂ ಇತ್ತು. ಆದರೆ ಕೂಟಕ್ಕೆ ಕರೆಯುವ ವಿಷಯದಲ್ಲಿ ಅಕ್ಕನಿಗೆ ಫೋನು ಆಗಿಬರುತ್ತಿರಲಿಲ್ಲ. "ನಿಮ್ಮನೆ ಮದುವೆಗೆ ಮೆಸೇಜ್ ಹಾಕಿ ಕರೀತೀಯೇನೆ? ಹೋಗಿ ಬಾಗಿಲ್ದಾಗೆ ನಿಂತು ಕರೀಬೇಕು" ಎನ್ನುವಳು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದಮೇಲಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ಜೊತೆಗೆ ನಾನು ಇರಲೇಬೇಕು. ನಾನು ಪಾಠ ಮಾಡುವ ಸ್ಕೂಲಿನ ರಜೆಗಳನ್ನೆಲ್ಲ ಅವಳ ಹಿಂದೆ ತಿರುಗಿ ಕಳೆದಿದ್ದೇನೆ.

ನಾನು ಇರಲೇಬೇಕೆನ್ನುವುದಕ್ಕೆ ಕಾರಣವಿತ್ತು. ನಮ್ಮ ಕಡೆ ಶುಭಕ್ಕೆ ಕರೆಯುವಾಗ ಮನೆಯ ಹೆಣ್ಣುಮಕ್ಕಳ ಹಣೆಗೆ ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಟ್ಟು ಕರೆಯುವುದು ರೂಢಿ. ಅಕ್ಕ ಕುಂಕುಮದ ಬಟ್ಟಲನ್ನು ತನ್ನ ಚೀಲದಲ್ಲೇ ತರುತ್ತಿದ್ದಳು, ಆದರೆ ಹಚ್ಚುವ ಕೆಲಸ ನನ್ನದು. "ಯಾರ ಮನೆಯಾಗೆ ಏನಂತಾರೋ, ನೀನೇ ಹಚ್ಚು" ಎಂದು ಬಟ್ಟಲು ನನ್ನ ಕೈಗಿತ್ತು ಹೊಸ್ತಿಲ ಹತ್ತಿರವೇ ನಿಂತುಬಿಡುತ್ತಿದ್ದಳು. ಊರಿಗೆಲ್ಲ ಬುದ್ಧಿ ಹೇಳುವ ಇವಳು ಇದೊಂದರಲ್ಲಿ ಯಾಕೆ ಹಿಂಗೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಕೇಳಿಯೂ ಕೇಳಿದೆ. "ನನ್ನ ಸಲುವಾಗಿ ಕೂಟ ಕೆಡಬಾರ್ದು ಕಣೆ" ಎಂದು ಮಾತು ಮುಗಿಸಿದಳು.

ಹೋದ ವರ್ಷ ನ್ಯಾಮತಿಯ ಸರದಿ. ಕೂಟಕ್ಕೆ ಇನ್ನೂ ತಿಂಗಳಿರುವಾಗ ಜಗಳೂರಿನ ಗಿರಿಜಾ ಒಂದು ಮಾತೂ ಹೇಳದೆ ಗ್ರೂಪಿನಿಂದ ಹೊರಗೆ ಹೋದಳು. ಫೋನು ಮಾಡಿದರೆ ಸ್ವಿಚ್ ಆಫ್. ಕ್ಲಾಸಿನಲ್ಲಿ ನಮ್ಮಿಬ್ಬರ ನಡುವೆ ಕುಳಿತು, ಅಕ್ಕನ ಡಬ್ಬಿಯ ರೊಟ್ಟಿ ಕದ್ದು ತಿನ್ನುತ್ತಿದ್ದವಳು ಗಿರಿಜಾ. ಅಕ್ಕನಿಗೆ ತಕ್ಷಣ ಹೊಳೆದದ್ದು ಒಂದೇ. ಅದರ ಹಿಂದಿನ ವರ್ಷ ಅಕ್ಕನಿಗೆ ಮಂಡಿನೋವು ಜೋರಾಗಿ, ಜಗಳೂರಿನವರನ್ನು ಮಾತ್ರ ಫೋನಿನಲ್ಲಿ ಕರೆದಿದ್ದೆವು. "ನೋಡಿದ್ಯಾ, ಬಾಗಿಲಿಗೆ ಬಂದು ಕರೀಲಿಲ್ಲ ಅಂತ ಮುನಿಸ್ಕೊಂಡಾಳೆ. ನಾನು ಹೇಳ್ಲಿಲ್ವಾ?" ಎಂದಳು. ನನಗೂ ಹಾಗೇ ಅನ್ನಿಸಿತು. ಮುನಿದವಳನ್ನು ಒಲಿಸಬೇಕೆಂದರೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ದಾವಣಗೆರೆಯಲ್ಲಿ ಇಳಿದು ಒಂದು ಡಜನ್ ಹಸಿರು ಬಳೆ, ಕುಪ್ಪಸದ ಕಣ, ಒಂದು ಮಾರು ಮಲ್ಲಿಗೆ ಕೊಂಡೆವು. ಬಳೆಯ ಬಣ್ಣ ಆರಿಸಲು ಅಕ್ಕ ಅಂಗಡಿಯವನ ಜೀವ ತಿಂದಳು.

ಜಗಳೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಗಿರಿಜಾಳ ಮನೆಯ ಬಾಗಿಲು ಅರ್ಧ ಮುಚ್ಚಿತ್ತು. "ಗಿರಿಜಾ, ಸಿಟ್ಟು ಇಳಿದಿಲ್ಲೇನೆ ಇನ್ನೂ?" ಎಂದು ಅಕ್ಕ ಹೊರಗಿನಿಂದಲೇ ಕೂಗಿದಳು. ನಾನು ಬಟ್ಟಲು ಹಿಡಿದು ಒಳಗೆ ಹೋದೆ. ಬಿಸಿಲಿನಿಂದ ಬಂದ ಕಣ್ಣಿಗೆ ನಡುಮನೆ ಕತ್ತಲೆಯಾಗಿ, ಏನೂ ಸರಿಯಾಗಿ ಕಾಣಲಿಲ್ಲ. ಗಿರಿಜಾ ಎದ್ದು ಬಂದದ್ದು ಮಾತ್ರ ತಿಳಿಯಿತು. ಅವಳ ಕೈಗೆ ಬಳೆಯ ಪೊಟ್ಟಣ ತುರುಕಿ, ಬೆರಳನ್ನು ಕುಂಕುಮಕ್ಕೆ ಅದ್ದಿ ಅವಳ ಹಣೆಯ ಹತ್ತಿರಕ್ಕೆ ಒಯ್ದಿದ್ದೆ.

"ಅಯ್ಯೋ, ಕೈ ತಗೀರಿ!" ಎಂದು ಮೂಲೆಯಿಂದ ಒಂದು ಕೂಗು ಬಂತು.

ಅಷ್ಟರಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಗಿರಿಜಾಳ ಹಣೆಯಲ್ಲಿ ವಿಭೂತಿ ಬಿಟ್ಟರೆ ಏನೂ ಇರಲಿಲ್ಲ. ಕೈ ಬೋಳು. ಗೋಡೆಯ ಮೇಲೆ ಅವಳ ಗಂಡನ ಫೋಟೋ, ಫೋಟೋಕ್ಕೆ ಹಾರ. ನನ್ನ ಕೈ ಅಲ್ಲೇ ನಿಂತಿತು; ಹಿಂದಕ್ಕೆ ತೆಗೆದುಕೊಳ್ಳಬೇಕೆಂಬುದೂ ಹೊಳೆಯಲಿಲ್ಲ. ಮಲ್ಲಿಗೆಯ ವಾಸನೆ ಆ ಮನೆಯ ತುಂಬ ಹರಡಿದಾಗ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಒಳಗಿನಿಂದ ಗಿರಿಜಾಳ ಮೈದುನ ಬಂದ. ಐವತ್ತರ ಆಸುಪಾಸಿನ ಕಟ್ಟುಮಸ್ತಾದ ಆಳು. "ಯಾರ್ರೀ ನೀವು? ನಮ್ಮಣ್ಣ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ, ಬಳೆ ಹೂವು ತಂದೀರಲ್ಲ, ತಮಾಷೆ ಮಾಡಾಕೆ ಬಂದೀರಾ?" ಎಂದು ಅವನು ಬಾಗಿಲ ಕಡೆ ಕೈ ತೋರಿಸಿದ. ಮೂಲೆಯಲ್ಲಿ ಕುಳಿತಿದ್ದ ಗಿರಿಜಾಳ ಅತ್ತೆ ಎದೆ ಬಡಿದುಕೊಂಡು ಅಳತೊಡಗಿದರು. ಗಿರಿಜಾ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು. "ಅವರಿಗೆ ಗೊತ್ತಿಲ್ಲಪ್ಪ, ನಾನೇ ಯಾರಿಗೂ ಹೇಳಿಲ್ಲ, ಊರಾಗಿರೋ ಗೆಳತೇರಿಗೂ ಹೇಳಬ್ಯಾಡ್ರಿ ಅಂದಿದ್ದೆ" ಎಂದು ಸಣ್ಣ ದನಿಯಲ್ಲಿ ಹೇಳಿ ನನ್ನ ಕಡೆ ತಿರುಗಿದಳು. "ಬೆಳಗಾದ್ರೆ ಹೂವಿನ ಫೋಟೋ ಕಳಿಸ್ತಿದ್ರಿ. ನೋಡಾಕೆ ಆಗ್ತಿರಲಿಲ್ಲ ಕಣೆ."

ಆಗ ಅಕ್ಕ ಹೊಸ್ತಿಲು ದಾಟಿದಳು. ಅಷ್ಟು ವರ್ಷಗಳಲ್ಲಿ ಕರೆಯಲು ಹೋದ ಮನೆಯಲ್ಲಿ ಅವಳು ನನ್ನನ್ನು ದಾಟಿ ಮುಂದೆ ಹೋದದ್ದು ಅದೇ ಮೊದಲು. ಗಿರಿಜಾಳ ಕೈಯಿಂದ ಪೊಟ್ಟಣ ತೆಗೆದು ಚೀಲಕ್ಕೆ ಹಾಕಿದಳು, ನನ್ನ ಕೈಯಿಂದ ಬಟ್ಟಲು ಕಸಿದು ಅದನ್ನೂ ಹಾಕಿದಳು. ಆಮೇಲೆ ಗಿರಿಜಾಳ ಗಲ್ಲ ಹಿಡಿದು ಕೇಳಿದಳು: "ನಿನಗೆ ಬೇಕಾ, ಬ್ಯಾಡಾ? ನೀನು ಹೇಳು. ಬೇರೆ ಯಾರೂ ಹೇಳೋದು ಬ್ಯಾಡ."

"ಈಗ ಬ್ಯಾಡ ಅಕ್ಕ."

"ಆತು. ಬೇಕು ಅನಿಸಿದ ದಿನ ನೀನೇ ಹಚ್ಕೋ. ಕೂಟಕ್ಕೆ ಮಾತ್ರ ಬರಬೇಕು."

"ಏನ್ ಮಾತಾಡ್ತೀರಿ? ವರ್ಷ ತುಂಬೋ ತನಕ ಹೊಸ್ತಿಲು ದಾಟಂಗಿಲ್ಲ" ಎಂದು ಮೈದುನ ದನಿ ಏರಿಸಿದ. "ಆಮೇಲೂ ಯಾಕೆ ಬೇಕು ಅದೆಲ್ಲ? ಗಂಡಸ್ರು ಹೆಂಗಸ್ರು ಸೇರ್ಕೊಂಡು ಕುಣಿಯೋದು!"

ಅಕ್ಕ ಮೂಲೆಗೆ ಹೋಗಿ ಅತ್ತೆಯ ಪಕ್ಕ ನೆಲದ ಮೇಲೆ ಕುಳಿತಳು. ಅವರ ಅಳು ಇಳಿಯುವ ತನಕ ಬೆನ್ನು ಸವರಿದಳು. ಮಗ ಹೆಂಗಿದ್ದ, ಏನು ಉಣ್ಣುತ್ತಿದ್ದ, ಏನಾಗಿತ್ತು ಎಂದೆಲ್ಲ ಕೇಳಿದಳು. ಆ ತಾಯಿ ಹೇಳುತ್ತಾ ಹೋದರು. ಮೈದುನ ನಿಂತೇ ಇದ್ದ. ಅವನು ಯಾವ ಗಳಿಗೆಯಲ್ಲಾದರೂ ನಮ್ಮ ರಟ್ಟೆ ಹಿಡಿದು ಹೊರಗೆ ಹಾಕಬಹುದೆಂದು ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಕೊನೆಗೆ ಅಕ್ಕ ಚೀಲದಿಂದ ಎಲೆ ಅಡಿಕೆ ತೆಗೆದು ಆ ಮುದುಕಿಯ ಮುಂದೆ ಹಿಡಿದಳು.

"ಅವ್ವಾ, ನಿಮ್ಮನ್ನ ಕರೀತಿದೀನಿ. ನಾವು ಓದಿದೋರು ನ್ಯಾಮತಿಯಾಗೆ ಸೇರ್ತೀವಿ. ನೀವು ಬರಬೇಕು."

ಮುದುಕಿ ಸುತ್ತ ನೋಡಿದರು. "ನನ್ನ? ನಾನೇನು ಓದಿದೀನಿ?"

"ಓದದಿದ್ರೆ ಊಟ ಹಾಕಲ್ಲ ಅಂದೆನಾ? ಬರ್ರಿ."

ಆ ಕೈ ಮುಂದೆ ಬರಲೋ ಬೇಡವೋ ಎಂದು ತಡೆತಡೆದು, ಕಡೆಗೆ ಬಂತು. ಮೈದುನ "ಅವ್ವಾ!" ಎಂದ. ಅಷ್ಟರಲ್ಲಿ ಅವರು ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಾಗಿತ್ತು.

ವಾಪಸು ಬಸ್ಸಿನಲ್ಲಿ ಅಕ್ಕ ಬಳೆಯ ಪೊಟ್ಟಣವನ್ನು ಚೀಲದಿಂದ ತೆಗೆದು ನೋಡಿದಳು. "ಬಳೆ ಆರಿಸಾಕೆ ಎಷ್ಟೊತ್ತು ನಿಂತಿದ್ದೆ ನೋಡು, ಮೂಳಿ ನಾನು" ಎಂದು ತನ್ನನ್ನೇ ಬೈದುಕೊಂಡಳು. ಅತ್ತೆಯನ್ನು ಯಾಕೆ ಕರೆದೆ, ಅವರನ್ನು ಒಲಿಸಲಿಕ್ಕಾ ಎಂದು ಕೇಳಿದೆ. "ಆ ಮುದುಕಿ ಹಣೆ ನೋಡಿದ್ಯಾ ನೀನು?" ಎಂದಳು. ನಾನು ನೋಡಿರಲಿಲ್ಲ. ಗಿರಿಜಾಳ ಹಣೆ ಕಂಡ ಮೇಲೆ ಬೇರೇನೂ ಕಂಡಿರಲಿಲ್ಲ. "ಅದೂ ಬೋಳೇ. ಎಷ್ಟು ವರ್ಷದ್ದೋ ಏನೋ. ನಮ್ಮತ್ತೆನೂ ಹಂಗೇ ಇದ್ಲು. ನನ್ನ ಗಂಡ ಹೋದಮೇಲೆ ನನ್ನ ಹೊರಗೆ ಬಿಡ್ತಿರಲಿಲ್ಲ ಅಂತ ಭಾಳ ಬೈಕೊಂಡೀನಿ ಅವಳನ್ನ. ಆ ಮನೆಗೆ ಕರೆಯಾಕೆ ಬಂದೋರು ನಮ್ಮಿಬ್ರನ್ನೂ ದಾಟಿ ಓರಗಿತ್ತಿ ಹತ್ರ ಹೋಗ್ತಿದ್ರು. ನನಗೆ ನನ್ನ ಸಂಕಟ ಒಂದೇ ಕಾಣ್ತಿತ್ತು, ಆಕೆದು ಕಾಣಲೇ ಇಲ್ಲ." ಇಷ್ಟು ಹೇಳಿ ಕಿಟಕಿಗೆ ತಲೆಯಾನಿಸಿ, ದಾವಣಗೆರೆ ಬರುವ ತನಕ ಗೊರಕೆ ಹೊಡೆದಳು.

ಸುದ್ದಿ ಗ್ರೂಪಿಗೆ ಮುಟ್ಟಿ ದೊಡ್ಡ ರಂಪವಾಯಿತು. ಸಾವಾದ ಮನೆಗೆ ಕರೆಯಲು ಹೋದದ್ದೇ ತಪ್ಪು ಎಂದರು ಕೆಲವರು, ಗೊತ್ತಾದ ಮೇಲೂ ಕರೆದು ಬಂದದ್ದು ಇನ್ನೂ ತಪ್ಪು ಎಂದರು ಕೆಲವರು. ಮೈದುನ ಯಾರಿಂದಲೋ ನಂಬರು ಹುಡುಕಿ ನನಗೆ ಫೋನು ಮಾಡಿ, "ನಮ್ಮವ್ವನ ತಲೆ ಕೆಡಿಸೀರಿ. ಅತ್ತಿಗೇನ ಕರ್ಕೊಂಡು ಹೋದ್ರೆ ನಾನು ಅಲ್ಲಿಗೇ ಬರ್ತೀನಿ, ಆಮೇಲೆ ನೋಡ್ಕೊಳ್ರಿ" ಎಂದ. ನನಗೆ ಹೆದರಿಕೆಯಾಯಿತು. ಗಿರಿಜಾಳಿಗೆ ಆ ಮನೆಯಲ್ಲಿ ಇನ್ನೇನು ಕಷ್ಟ ಕೊಡುತ್ತಾನೋ ಎಂದು ಊಟ ಸೇರಲಿಲ್ಲ. ಅವಳ ಫೋನು ಸ್ವಿಚ್ ಆಫ್ ಆಗಿಯೇ ಇತ್ತು. ಅಕ್ಕನಿಗೆ ಹೇಳಿದರೆ "ಬರಲಿ ಬಿಡು, ಅವನಿಗೂ ಒಂದು ಎಲೆ ಹಾಕಾನ" ಎಂದಳು. ಆದರೆ ಕೂಟಕ್ಕೆ ಉಳಿದಿದ್ದ ಎರಡು ವಾರ ದಿನಕ್ಕೆ ನಾಲ್ಕು ಸಲ ನನಗೆ ಫೋನು ಮಾಡಿ, ಏನೂ ಇಲ್ಲದ ಮಾತಾಡಿ ಇಡುತ್ತಿದ್ದಳು.

ಕೂಟ ನಡೆದದ್ದು ನ್ಯಾಮತಿಯ ಗೆಳೆಯನ ಮೆಕ್ಕೆಜೋಳದ ಗೋಡೌನಿನಲ್ಲಿ. ಅವನು ಕಾಳಿನ ವ್ಯಾಪಾರಿ. ಚೀಲಗಳನ್ನೆಲ್ಲ ಒಂದು ಬದಿಗೆ ಒಟ್ಟಿ, ನೆಲ ತೊಳೆಸಿ ಜಮಖಾನ ಹಾಸಿದ್ದ. ಹನ್ನೆರಡಾಯಿತು, ಒಂದಾಯಿತು. ಹೋಳಿಗೆಯ ವಾಸನೆಗೆ ಗಂಡಸರು ಚಡಪಡಿಸತೊಡಗಿದರು. ಅಕ್ಕ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ರಸ್ತೆಯಲ್ಲಿ ಒಂದು ಬೈಕು ನಿಂತರೂ ನಾನು ಮೈದುನನೇ ಬಂದನೆಂದು ಬೆಚ್ಚುತ್ತಿದ್ದೆ. ವ್ಯಾಪಾರಿ ಗೆಳೆಯ ಎರಡು ಸಲ ಬಂದು ನೋಡಿ ಹೋದವನು ಮೂರನೇ ಸಲ ಹೇಳಿಯೇಬಿಟ್ಟ. "ಅಕ್ಕ, ಅವರು ಬರಲ್ಲ. ಶುಗರ್ ಇರೋರು ಅದಾರೆ, ಎಲೆ ಹಾಕ್ಸಾನ?"

"ಶುಗರ್ ಇರೋರಿಗೆ ಹಾಕು. ನಾನು ಕಾಯ್ತೀನಿ."

ಯಾರೂ ಕೂರಲಿಲ್ಲ. ಅಕ್ಕ ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಅವಳ ಮುಖ ಬಾಡಿದ್ದು ನೋಡಿ, ನಾವು ಮಾಡಿದ್ದು ತಪ್ಪೇ ಇರಬೇಕೆಂದು ನನಗೂ ಅನ್ನಿಸಿತು. ಹೊನ್ನಾಳಿ ಕಡೆಯ ಬಸ್ಸು ಬಂದು ನಿಂತಾಗ ಅವಳು ಎದ್ದು ನಿಂತಳು. ಮೊದಲು ಇಳಿದದ್ದು ಅತ್ತೆ. ಒಗೆದ ಬಿಳಿ ಸೀರೆ, ತಲೆಯ ಮೇಲೆ ಸೆರಗು. ಹಿಂದೆಯೇ ಅವರ ಚೀಲ ಹಿಡಿದುಕೊಂಡು ಗಿರಿಜಾ.

ಮುದುಕಿ ನೇರ ಅಕ್ಕನ ಮುಂದೆ ಬಂದು ನಿಂತು ಏದುಸಿರು ಬಿಡುತ್ತಾ ಹೇಳಿದರು: "ಕರೆದಿದ್ರಲ್ಲ, ಬಂದೀನಿ. ಮೂರು ಬಸ್ಸು ಹತ್ತಿಳಿಯೋದು ಒಬ್ಳೇ ಆಗಲ್ಲ ಅಂದೆ ಮಗನಿಗೆ. ಇವಳನ್ನ ಜೊತೆಗೆ ಕರ್ಕೊಂಡು ಬಂದೆ. ಏನ್ ಅಂತಾನೆ? ಸುಮ್ನಾದ."

ಅಕ್ಕ ಇಬ್ಬರ ಕೈಯನ್ನೂ ಹಿಡಿದುಕೊಂಡು ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಊಟದ ಹೊತ್ತಿಗೆ ಮುದುಕಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ಅಕ್ಕ ತಾನೇ ತುಪ್ಪ ಬಡಿಸಿದಳು. ಗಿರಿಜಾ ಹೆಚ್ಚು ಮಾತಾಡಲಿಲ್ಲ. ಆದರೆ ವ್ಯಾಪಾರಿ ಗೆಳೆಯ ಕಾಲೇಜಿನಲ್ಲಿ ಪರೀಕ್ಷೆಯ ದಿನ ಮರೆತು ಸಿನಿಮಾಕ್ಕೆ ಹೋದ ಕಥೆ ಹೇಳುವಾಗ ಒಮ್ಮೆ ನಕ್ಕಳು, ನಕ್ಕದ್ದಕ್ಕೆ ಗಾಬರಿಯಾಗಿ ಅತ್ತೆಯ ಕಡೆ ನೋಡಿದಳು. ಅತ್ತೆಯೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಈ ವರ್ಷದ ಆಷಾಢದಲ್ಲಿ ಅಕ್ಕ ಹೋದಳು. ಬೆಳಿಗ್ಗೆ ಎದೆನೋವೆಂದವಳು ದಾವಣಗೆರೆಯ ಆಸ್ಪತ್ರೆ ಮುಟ್ಟಲಿಲ್ಲ. ಹೊನ್ನಾಳಿಯ ಆ ಸಣ್ಣ ಮನೆಯಲ್ಲಿ ನಮ್ಮ ಕ್ಲಾಸಿನವರೇ ತುಂಬಿಹೋಗಿದ್ದರು. ಬೈಯುವವರಿಲ್ಲದೆ ಎಲ್ಲರೂ ದಿಕ್ಕೆಟ್ಟು ನಿಂತಿದ್ದೆವು. ಅವಳಿಂದ ನಾನು ಕಲಿತದ್ದೇನೆಂದು ಯಾರಾದರೂ ಕೇಳಿದರೆ ಹೇಳಲು ಬಹಳ ಇಲ್ಲ. ಒಂದು ಮನೆಗೆ ಹೋದಾಗ ಮೂಲೆಯಲ್ಲಿ ಯಾರು ಕುಳಿತಿದ್ದಾರೆಂದು ಈಗ ನೋಡುತ್ತೇನೆ. ಅವಳಿಲ್ಲದಿದ್ದರೆ ಈ ವಯಸ್ಸಿನವರೆಗೂ ನೋಡದೆಯೇ ಇರುತ್ತಿದ್ದೆ.

ಅಕ್ಕ ಹೋದ ದಿನ ಗಿರಿಜಾಳಿಗೆ ಫೋನು ಮಾಡಿ ತಿಳಿಸಿದಾಗ ಅವಳು ಅಳತೊಡಗಿದಳು. ಅತ್ತೆ ಫೋನು ತೆಗೆದುಕೊಂಡರು. ಹೆಂಗಾತು, ಯಾವಾಗ, ಯಾರಿದ್ದರು ಎಂದೆಲ್ಲ ಕೇಳಿದರು. ಆಮೇಲೆ ಮಗುವಿನಂತೆ ಕೇಳಿದರು: "ಹಂಗಾದ್ರೆ ಈ ಸಲ ನನ್ನ ಕರೆಯಾಕೆ ಯಾರು ಬರ್ತಾರವ್ವ?"

ನಾನು ಬರುತ್ತೇನೆ ಎಂದೆ.