ಬೆದಿಯಾಕೊ ಸೇರಿಸಿದ ಮಾತು

ಅಶಾಂತಿ ಎಂಬ ನಮ್ಮ ಸೀಮೆಯಲ್ಲಿ ಅರಸ ಜನರೊಡನೆ ನೇರವಾಗಿ ಮಾತಾಡುವುದೆಂದರೆ ಬಟ್ಟೆಯಿಲ್ಲದೆ ಸಂತೆಗೆ ಹೋದಂತೆ. ಅರಸ ಮೆಲ್ಲಗೆ ಒಂದು ಮಾತು ಉಸುರುತ್ತಾನೆ. ಬಂಗಾರದ ತಲೆಯ ಕೋಲು ಹಿಡಿದ ವಕ್ತಾರ ಅದಕ್ಕೆ ಗಾದೆ ಉಡಿಸಿ, ಹೊಗಳಿಕೆ ತೊಡಿಸಿ ಜನರ ಮುಂದೆ ನಿಲ್ಲಿಸುತ್ತಾನೆ. ಕ್ವಾಬೆನಾ ಬೆದಿಯಾಕೊ ಅಂಥ ವಕ್ತಾರ. ಒಮ್ಮೆ ಅರಸ ಬರೀ ಸೀನಿದ್ದನ್ನು ಅವನು ಹೊತ್ತು ಮುಳುಗುವವರೆಗೆ ವಿವರಿಸಿದ. ಕೇಳಿದ ಎರಡು ಊರುಗಳು ಅಜ್ಜಂದಿರ ಕಾಲದ ಜಗಳ ಬಿಟ್ಟು ರಾಜಿಯಾದವು.

ಪಾದ್ರಿಗಳ ಶಾಲೆಯಲ್ಲಿ ಕೆಲಕಾಲ ಕೂತಿದ್ದರಿಂದ ಅವನಿಗೆ ಇಂಗ್ಲಿಷೂ ಬರುತ್ತಿತ್ತು. ಬಿಳಿಯ ಕಮಿಷನರ್ ನಮ್ಮೂರಲ್ಲಿ ಕೋರ್ಟು ತೆರೆದಾಗ ದುಭಾಷಿಯೂ ಅವನೇ ಆದ.

ಆಗಲೇ ರಸ್ತೆ ಮೇಸ್ತ್ರಿಯ ಗುಡಾರ ಸುಟ್ಟುಹೋಯಿತು. ಹಿಡಿದು ತಂದದ್ದು ಬೆದಿಯಾಕೊನ ಅಕ್ಕನ ಮಗ ಒಬೆಂಗ್‌ನನ್ನು. ನಮ್ಮಲ್ಲಿ ಅಕ್ಕನ ಮಗನೇ ವಾರಸುದಾರ.

“ನಾನ್ ಸುಟ್ಟಿಲ್ಲ. ತೋಟದಲ್ಲಿ ಕೋಕೋ ಒಣಗಿಸ್ತಿದ್ದೆ,” ಅಂದ ಒಬೆಂಗ್.

ಬೆದಿಯಾಕೊಗೆ ಇದು ಉಪ್ಪಿಲ್ಲದ ಸಾರು. ಎದ್ದು ಇಂಗ್ಲಿಷಿನಲ್ಲಿ ಶುರು ಮಾಡಿದ: ಇವನದು ಸಿಟ್ಟಾದರೆ ಕಾಡನ್ನೇ ಸುಡುವ ಕುಲ, ಇವನ ಉಸಿರು ತಾಗಿದರೆ ಕೋಟೆ ಬೂದಿಯಾದೀತು, ಅಂಥವನು ಒಂದು ಹರಕು ಗುಡಾರಕ್ಕೆ ಕೈ ಹಾಕುವನೇ? ನಮ್ಮವರಾದರೆ ತೊಡೆ ತಟ್ಟಿ ಮೆಚ್ಚುತ್ತಿದ್ದರು. ಕಮಿಷನರ್ ತಲೆಯೆತ್ತದೆ ಬರೆದುಕೊಂಡ.

“ಕಾಡು, ಕೋಟೆ ಎಲ್ಲ ಸುಡೋನು ನಾನು ಅಂತ ಒಪ್ಕೊಂಡಿದಾನೆ. ಕರಾವಳಿ ಜೈಲಿಗೆ ಕಳಿಸ್ತೀನಿ. ಊಟ ಆದ್ಮೇಲೆ ತೀರ್ಪು.”

ಬೆದಿಯಾಕೊ ಕೋರ್ಟಿನಿಂದ ಎದ್ದು ಬಂದ. ಆ ಜೈಲಿಗೆ ಹೋದವರು ಮರಳಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಹೊರಗೆ ಮರದಡಿ ಅಕ್ಕ ಅದ್ವೋವಾ ಕಾದಿದ್ದಳು.

“ಏನಂದ್ನೋ ಬಿಳಿಯ? ಮುಖ ಯಾಕೆ ಬೂದಿ ಬಳ್ಕೊಂಡಂಗಿದೆ?”

“ನಾನು ಸ್ವಲ್ಪ ಅಲಂಕಾರ ಮಾಡ್ದೆ, ಅಕ್ಕ. ಅದನ್ನೇ ಬರ್ಕೊಂಡ. ಹುಡುಗನ್ನ ಕರಾವಳಿಗೆ ಕಳಿಸ್ತಾನಂತೆ.”

“ನಿನ್ ನಾಲಿಗೇಗೆ ಇರುವೆ ಮುತ್ಲಿ. ಹೋಗಿ ಕಿತ್ಹಾಕು ಆ ಅಲಂಕಾರಾನ.”

“ಕಿತ್ರೆ, ಕೋರ್ಟಲ್ಲಿ ಸುಳ್ಳು ಹೇಳ್ದೆ ಅಂತ ನನ್ನನ್ನೇ ಒಳಗ್ ಹಾಕ್ತಾನೆ.”

ಅವಳು ಸುಮ್ಮನಾದಳು. ಅದ್ವೋವಾ ಸುಮ್ಮನಾದದ್ದನ್ನು ಊರಿನ ಕೋಳಿಗಳೂ ಕಂಡಿರಲಿಲ್ಲ. ಅವನಿಗೆ ಇನ್ನಷ್ಟು ಭಯವಾಯಿತು.

ಕಮಿಷನರ್ ಮತ್ತೆ ಬಂದು ಕೂತಾಗ ಬೆದಿಯಾಕೊನ ಮೊಣಕಾಲು ಎಷ್ಟು ಜೋರಾಗಿ ಬಡಿದುಕೊಂಡವೆಂದರೆ, ಪಕ್ಕದೂರಿನವರು ಸಾವಿನ ಡೋಲೆಂದು ತಿಳಿದು ಅಳುತ್ತ ಬಂದರು.

“ಸ್ವಾಮಿ, ಕಾಡು, ಕೋಟೆ ಎಲ್ಲ ನನ್ ಮಾತು. ಅವನಂದಿದ್ದು ಇಷ್ಟೇ. ಸುಟ್ಟಿಲ್ಲ, ಕೋಕೋ ಒಣಗಿಸ್ತಿದ್ದೆ.”

ಕಮಿಷನರ್ ಬರೆದದ್ದನ್ನು ಹೊಡೆದುಹಾಕಿದ. ಬೇರೆ ಸಾಕ್ಷಿ ಇರಲಿಲ್ಲ. ಒಬೆಂಗ್‌ನನ್ನು ಬಿಟ್ಟ, ಬೆದಿಯಾಕೊನನ್ನು ಹಿಡಿಸಿದ. ತೀರ್ಪನ್ನು ಜನಕ್ಕೆ ಹೇಳಲು ಬೇರೆ ದುಭಾಷಿಯೂ ಇರಲಿಲ್ಲವಲ್ಲ; ಪೊಲೀಸರು ತೋಳು ಹಿಡಿದಂತೆಯೇ ಅವನು ನಮ್ಮತ್ತ ತಿರುಗಿದ.

“ಒಬೆಂಗ್ ಮನೆಗೆ. ನಾನು ಕರಾವಳಿಗೆ.”

ಇಷ್ಟು ಚಿಕ್ಕ ಮಾತನ್ನು ಅವನ ಬಾಯಲ್ಲಿ ಕೇಳಿರದ ನಾವು, ಉಳಿದದ್ದೂ ಬರಲಿ ಎಂದು ಕೂತೇ ಇದ್ದೆವು. ಅದ್ವೋವಾ ಒಬ್ಬಳೇ ಮಗನ ಕೈ ಬಿಟ್ಟು, ತಮ್ಮನನ್ನು ಒಯ್ಯುತ್ತಿದ್ದ ಪೊಲೀಸ್ ಲಾರಿಯ ಹಿಂದೆ ಓಡಿದಳು.